ಯಾರ್ಯಾರೋ ಬಂದು ಕೂರುತ್ತಾರೆ

ಹೊರೆ ಇಳಿಸುವ ಕಲ್ಲನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರೋ ಗೊತ್ತಿಲ್ಲ. ಕಾಸರಗೋಡು ಕಡೆಯವರಾಗಿದ್ದು ಐವತ್ತು ದಾಟಿದ್ದರೆ ನೋಡಿರುವ ಸಾಧ್ಯತೆ ಹೆಚ್ಚು. ಎರಡು ಉದ್ದನೆಯ ಕಲ್ಲುಗಳನ್ನು ನೆಲದಲ್ಲಿ ನೆಟ್ಟು, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಇಟ್ಟಿರುತ್ತಾರೆ. ಎತ್ತರ ಹೆಚ್ಚುಕಡಿಮೆ ಆಳಿನ ಹೆಗಲಿನಷ್ಟು. ಗೊತ್ತಿಲ್ಲದವರು ದೂರದಿಂದ ನೋಡಿದರೆ ಯಾರೋ ಮನೆ ಕಟ್ಟಲು ಹೋಗಿ ಬಾಗಿಲ ಚೌಕಟ್ಟು ನಿಲ್ಲಿಸಿ ಬಿಟ್ಟುಹೋಗಿದ್ದಾರೆ ಅಂದುಕೊಳ್ಳಬೇಕು. ಪಕ್ಕದಲ್ಲಿ ಕೂರಲು ತಗ್ಗಿನ ಇನ್ನೊಂದು ಕಲ್ಲೋ, ಮರದ ಬುಡಕ್ಕೆ ಕಟ್ಟಿದ ಕಟ್ಟೆಯೋ ಇರುತ್ತಿತ್ತು. ಮಲಯಾಳದಲ್ಲಿ ಅತ್ತಾಣಿ, ಚುಮಡುತಾಂಗಿ ಎನ್ನುತ್ತಾರೆ. ತಮಿಳರಿಗೆ ಸುಮೈತಾಂಗಿ. ನಮ್ಮ ಕುಂಬಳೆ ಸೀಮೆಯ ಮನೆಗಳಲ್ಲಿ ಹೆಸರಿಗೆಲ್ಲ ತಲೆಕೆಡಿಸಿಕೊಳ್ಳದೆ ಹೊರೆ ಇಳಿಸುವ ಕಲ್ಲು ಎಂದೇ ಹೇಳುತ್ತಿದ್ದರು.

ಇದನ್ನು ಅಷ್ಟು ಎತ್ತರಕ್ಕೆ ಯಾಕೆ ಇಡುತ್ತಿದ್ದರು ಅನ್ನುವುದರಲ್ಲೇ ಅದರ ಜಾಣತನವೆಲ್ಲ ಇದೆ. ತಲೆಹೊರೆ ಹೊತ್ತವರನ್ನು ಕೇಳಿ ನೋಡಿ, ಹೊತ್ತು ನಡೆಯುವುದು ಅಷ್ಟು ಕಷ್ಟವಲ್ಲ ಎನ್ನುತ್ತಾರೆ. ಸಿಂಬಿ ಸರಿಯಾಗಿ ಕೂತರೆ ನಡೆಯುತ್ತ ನಡೆಯುತ್ತ ಕತ್ತು, ಸೊಂಟ ಒಂದು ಹದಕ್ಕೆ ಬಂದುಬಿಡುತ್ತವೆ. ಕಷ್ಟ ಇರುವುದು ಇಳಿಸುವುದರಲ್ಲಿ. ಅದಕ್ಕಿಂತ ಕಷ್ಟ ಮತ್ತೆ ಎತ್ತಿಕೊಳ್ಳುವುದು. ಅಡಿಕೆ ಮೂಟೆಯನ್ನೋ ಸೊಪ್ಪಿನ ಹೊರೆಯನ್ನೋ ಒಬ್ಬರೇ ನೆಲದಿಂದ ತಲೆಗೆ ಏರಿಸಿಕೊಳ್ಳಲು ಆಗುವುದಿಲ್ಲ, ಇನ್ನೊಬ್ಬರು ಕೈ ಕೊಡಬೇಕು. ಗುಡ್ಡದ ಒಂಟಿ ದಾರಿಯಲ್ಲಿ ಆ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಹಾಗಾಗಿ ಎಷ್ಟೇ ದಣಿದರೂ, ಬಾಯಾರಿದರೂ ಇಳಿಸುವ ಹಾಗಿಲ್ಲ. ಕಲ್ಲಿನ ಹತ್ತಿರ ಬಂದರೆ ಮೊಣಕಾಲು ಸ್ವಲ್ಪ ಬಗ್ಗಿಸಿ ಹೊರೆಯನ್ನು ಚಪ್ಪಡಿಗೆ ಜಾರಿಸಿದರೆ ಮುಗಿಯಿತು. ಎಲೆಅಡಿಕೆ ಹಾಕಿಕೊಂಡು, ನೀರು ಕುಡಿದು, ಹೊರಡುವಾಗ ಹೊರೆಯ ಅಡಿಗೆ ತಲೆ ಕೊಟ್ಟು ನೆಟ್ಟಗೆ ನಿಂತರಾಯಿತು. ಇನ್ನೊಬ್ಬ ಮನುಷ್ಯನ ಎರಡು ಕೈ ಮಾಡಬೇಕಾದ ಕೆಲಸವನ್ನು ಕಲ್ಲು ಮಾಡುತ್ತಿತ್ತು, ಅದೂ ಹಗಲು ರಾತ್ರಿ, ಜಾತಿ ಕೇಳದೆ.

ಕಟ್ಟಿಸುತ್ತಿದ್ದವರು ಯಾರು? ಹರಕೆ ಹೊತ್ತವರು, ಉಳ್ಳವರು, ಕೆಲವು ಕಡೆ ಅರಸರು. ತಮಿಳುನಾಡಿನಲ್ಲಿ ಇದಕ್ಕೆ ಎದೆ ಹಿಂಡುವ ಒಂದು ರೂಢಿ ಇತ್ತು. ಬಸುರಿ ಹೆಂಗಸು ಹೆರಿಗೆಗೆ ಮುಂಚೆ ತೀರಿಕೊಂಡರೆ ಅವಳ ಹೆಸರಿನಲ್ಲಿ ಮನೆಯವರು ದಾರಿಬದಿ ಸುಮೈತಾಂಗಿ ನಿಲ್ಲಿಸುತ್ತಿದ್ದರು. ಹೊತ್ತ ಭಾರವನ್ನು ಇಳಿಸದೆಯೇ ಹೋದ ಜೀವ, ಈಗ ಊರವರ ಭಾರ ಇಳಿದಾಗಲೆಲ್ಲ ಅವಳ ಭಾರವೂ ಅಷ್ಟಷ್ಟು ಇಳಿಯಲಿ ಅಂತ. ಸಮಾಧಿ ಕಟ್ಟಿ ಹೂ ಹಾಕುವ ಬದಲು ಗುರುತಿಲ್ಲದವರಿಗೆ ಉಪಕಾರವಾಗುವ ಒಂದು ಕಲ್ಲು ನೆಡುವುದು ಎಷ್ಟು ದೊಡ್ಡ ಮನಸ್ಸು ನೋಡಿ. ಈ ಪದ ಅಲ್ಲಿನ ಮಾತಿನಲ್ಲಿ ಎಷ್ಟು ಬೇರೂರಿದೆಯೆಂದರೆ 1962ರಲ್ಲಿ ಶ್ರೀಧರ್ ಅದೇ ಹೆಸರಿನಲ್ಲಿ ಸಿನಿಮಾ ತೆಗೆದರು, ಜೆಮಿನಿ ಗಣೇಶನ್ ನಾಯಕ. ಕೇರಳದಲ್ಲಿ ಅತ್ತಾಣಿ ಎಂಬ ಊರುಗಳೇ ಇವೆ. ಮನೆಗೆ ಆಸರೆಯಾದವನನ್ನು ಕುಟುಂಬದ ಅತ್ತಾಣಿ ಎಂದು ಕರೆಯುವುದನ್ನು ನಮ್ಮ ಕಡೆಯವರು ಕೇಳಿಯೇ ಇರುತ್ತೀರಿ.

ನಮ್ಮ ಕನ್ನಡದಲ್ಲೂ ಇದರ ಬಳಗ ದೊಡ್ಡದು. ಶಾಸನಗಳಲ್ಲಿ ಬರುವ ಅರವಂಟಿಗೆಯೇ ನಮ್ಮ ಅರವಟ್ಟಿಗೆ. ಅರಳಿಕಟ್ಟೆ ಇಲ್ಲದ ಊರಿಲ್ಲ. ಮಂಗಳೂರಿನ ನಟ್ಟನಡುವಿನ ಹಂಪನಕಟ್ಟೆಯ ಕಥೆ ನಿಮಗೆ ಗೊತ್ತಿರಬಹುದು. ಅಪ್ಪಣ್ಣ ಎಂಬ ಮುದುಕ ಅಲ್ಲಿ ದಾರಿಹೋಕರಿಗೆ ನೀರು ಕೊಡುತ್ತಿದ್ದನಂತೆ, ಅಪ್ಪಣ್ಣನ ಕಟ್ಟೆಯೇ ಬಾಯಿಂದ ಬಾಯಿಗೆ ಹಂಪನಕಟ್ಟೆ ಆಯಿತಂತೆ. 2021ರಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಗೆಂದು ಅಗೆದಾಗ ಅಲ್ಲಿ ಹಳೆಯ ಬಾವಿಯೊಂದು ಸಿಕ್ಕಿತು. ಅಪ್ಪಣ್ಣನದೇ ಬಾವಿ ಅಂತ ನಾನು ಹೇಳಲಾರೆ, ಆದರೆ ಮಂಗಳೂರಿನವರು ಖುಷಿಪಟ್ಟದ್ದು ಮಾತ್ರ ನಿಜ.

ಇದು ನಮ್ಮಲ್ಲಿ ಮಾತ್ರ ಇತ್ತು ಎಂದು ಬೀಗುವುದೂ ಬೇಡ. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದಲ್ಲಿ ನೆಪೋಲಿಯನ್ನನಿಗೆ ಮಗ ಹುಟ್ಟಿದ ನೆನಪಿಗೆ, 1811ರಲ್ಲಿ, ಅಲ್ಲಿನ ಆಡಳಿತಾಧಿಕಾರಿ ಲೆಝೆ ಮಾರ್ನೇಸಿಯಾ ಎಂಬಾತ ರಸ್ತೆ ಬದಿಯಲ್ಲಿ ಇಂಥವೇ ಕಲ್ಲುಗಳನ್ನು ಹಾಕಿಸಿದ. ಮೇಲೆ ಎತ್ತರದ ಚಪ್ಪಡಿ ಹೊರೆಗೆ, ಕೆಳಗೆ ತಗ್ಗಿನ ಚಪ್ಪಡಿ ಕೂರಲಿಕ್ಕೆ, ಸುತ್ತ ನೆರಳಿಗೆ ಮರ. ಮತ್ತೆ 1854ರಲ್ಲಿ ರಾಣಿ ಯೂಜೆನಿಯ ಮದುವೆಯ ನೆನಪಿಗೆ ಇನ್ನಷ್ಟು ಬಂದವು. ಸಂತೆಗೆ ಬುಟ್ಟಿ ಹೊತ್ತು ಹೋಗುವ ಹೆಂಗಸರಿಗಾಗಿ! ಚಿತ್ರ ನೋಡಿದರೆ ನಮ್ಮ ಕಡೆಯದ್ದೇ ಅನ್ನಿಸುತ್ತದೆ. ಲಂಡನ್ನಿನ ಪಿಕಾಡಿಲಿಯಲ್ಲಿ 1861ರಲ್ಲಿ ಹಮಾಲರಿಗಾಗಿ ಎರಡು ಕಂಬದ ಮೇಲೆ ಮರದ ಹಲಗೆ ಹಾಕಿಸಿದರು. ಸ್ಲೇನಿ ಎಂಬ ಪಾರ್ಲಿಮೆಂಟ್ ಸದಸ್ಯರ ಸಲಹೆಯಂತೆ. ಎಲ್ಲಿಯ ಕುಂಬಳೆ, ಎಲ್ಲಿಯ ಪಿಕಾಡಿಲಿ, ಕತ್ತು ನೋವು ಮಾತ್ರ ಎಲ್ಲ ಕಡೆಯೂ ಒಂದೇ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ಏನು ನೋಡಿದರೂ ಜಮಾ ಖರ್ಚಿನ ಲೆಕ್ಕ ತಲೆಗೆ ಬರುತ್ತದೆ. ಆದಾಯ ತೆರಿಗೆಯವರು ಕುರ್ಚಿ ಮೇಜಿಗೆ ವರ್ಷಕ್ಕೆ ಶೇ. 10 ಸವಕಳಿ ಕೊಡುತ್ತಾರೆ. ಈ ಕಲ್ಲಿಗೆ ಎಷ್ಟು ಕೊಡಬೇಕು? ನೂರು ವರ್ಷ ಕೂತರೂ ಸವೆಯದೆ ಇನ್ನೂ ನುಣುಪಾಗುತ್ತದೆ. ಬಾಡಿಗೆ ಬರುವುದಿಲ್ಲ, ಮಾಲೀಕ ಯಾರೆಂದು ಗೊತ್ತಿಲ್ಲ. ಯಾವ ಬ್ಯಾಲೆನ್ಸ್ ಶೀಟಿನ ಯಾವ ಕಾಲಮ್ಮಿನಲ್ಲೂ ಇದಕ್ಕೆ ಜಾಗವಿಲ್ಲ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಊರು ಅಂದರೆ ಪಿಂಪ್ರಿ-ಚಿಂಚವಾಡ. ಮೂವತ್ತು ವರ್ಷ ಇಲ್ಲಿ ಉಂಡು ಮಲಗಿದ ಮೇಲೆ ಹಾಗೆ ಹೇಳಲು ಸಂಕೋಚ ಯಾಕೆ? ಮರಾಠಿಯಲ್ಲಿ ಚಿಂಚ ಅಂದರೆ ಹುಣಸೆ, ವಡ ಅಂದರೆ ಆಲ. ಕೂರಲು ಯೋಗ್ಯವಾದ ಎರಡು ಮರಗಳನ್ನು ಹೆಸರಿನಲ್ಲೇ ಇಟ್ಟುಕೊಂಡ ಊರು ಇದು. ನಮ್ಮ ಕಟ್ಟೆಗೆ ಇವರು ಪಾರ ಎನ್ನುತ್ತಾರೆ, ದಾರಿಯ ನಡುವಿನ ವಿಶ್ರಾಂತಿಗೆ ವಿಸಾವಾ. ಎಂಥ ಒಳ್ಳೆಯ ಪದ! 1830ರಲ್ಲಿ ಬೋರ್ ಘಾಟಿನ ರಸ್ತೆ ತೆರೆದ ಮೇಲೆ ಮುಂಬೈಗೂ ಪುಣೆಗೂ ಗಾಡಿಗಳು ಓಡಾಡಿದ್ದು ಈ ದಾರಿಯಲ್ಲೇ. ನಾನು ಬಂದಾಗ ಇದ್ದ ಹಳೇ ಹೈವೇ ಈಗ ಗುರುತು ಸಿಗದಷ್ಟು ಬದಲಾಗಿದೆ. ಫ್ಲೈಓವರುಗಳು ಬಂದವು, 2018ರಲ್ಲಿ ನಿಗಡಿ–ದಾಪೋಡಿ ನಡುವೆ ಬಸ್ಸಿಗೇ ಪ್ರತ್ಯೇಕ ದಾರಿ ಶುರುವಾಯಿತು, 2022ರ ಮಾರ್ಚ್ 6ರಂದು ಪಿಂಪ್ರಿಯಿಂದ ಫುಗೇವಾಡಿಗೆ ಮೆಟ್ರೋ ಓಡಿತು. ಎಲ್ಲವೂ ಒಳ್ಳೆಯದೇ. ನಾನು ಮೆಟ್ರೋದಲ್ಲಿ ಓಡಾಡುವವನೇ. ಆದರೆ ಇಷ್ಟೆಲ್ಲವೂ ಚಲಿಸುವವರಿಗೆ ಆಯಿತು. ನಿಲ್ಲಬೇಕಾದವರಿಗೆ, ಕೂರಬೇಕಾದವರಿಗೆ?

ಕಳೆದ ವರ್ಷ ಅಮ್ಮ ಊರಿನಿಂದ ನಮ್ಮ ಜೊತೆ ಇರಲು ಬಂದಳು. ಎಂಬತ್ತೆರಡು ವರ್ಷ. ಊರಿನಲ್ಲಿ ದಿನಾ ಎರಡು ಫರ್ಲಾಂಗು ನಡೆದು ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದವಳು. ದಾರಿಯಲ್ಲಿ ಎರಡು ಕಡೆ ಕೂರುತ್ತಿದ್ದಳು, ಒಂದು ಅಶ್ವತ್ಥಕಟ್ಟೆ, ಇನ್ನೊಂದು ಅಂಗಡಿಯ ಜಗಲಿ. ಇಲ್ಲಿ ನಮ್ಮ ಕಟ್ಟಡದಿಂದ ತರಕಾರಿ ಮಾರುಕಟ್ಟೆಗೆ ಅದಕ್ಕಿಂತ ಸ್ವಲ್ಪವೇ ಹೆಚ್ಚು ದೂರ. ಮೊದಲ ವಾರ ಉತ್ಸಾಹದಿಂದ ಬಂದಳು. ಎರಡನೇ ವಾರ ಅರ್ಧ ದಾರಿಯಲ್ಲಿ ಒಂದು ಷೋರೂಮಿನ ಮೆಟ್ಟಿಲ ಮೇಲೆ ಕೂತಳು. ಕಾವಲುಗಾರ ಹುಡುಗ ಬಂದು, "ಆಜಿ, ಇಥೇ ಬಸೂ ನಕಾ" ಅಂದ. ಇಲ್ಲಿ ಕೂರಬೇಡಿ ಅಜ್ಜಿ, ಅಂತ. ಪಾಪ, ಅವನ ತಪ್ಪಲ್ಲ, ಅವನ ಸಾಹೇಬರು ಹೇಳಿದ್ದನ್ನು ಅವನು ಹೇಳಿದ. ಅಮ್ಮನಿಗೆ ಮರಾಠಿ ಬರುವುದಿಲ್ಲ, ಆದರೆ ಕೈಸನ್ನೆ ಅರ್ಥವಾಗುತ್ತದಲ್ಲ? ಎದ್ದಳು. ಆಮೇಲೆ ಪೇಟೆಗೆ ಕರೆದರೆ, "ಬೇಡ ಮಗಾ, ಕೂತ್ಕೊಳ್ಳಲಿಕ್ಕೆ ಒಂದು ಜಾಗ ಉಂಟಾ ಅಲ್ಲಿ?" ಎನ್ನುತ್ತಾಳೆ. ಈಗ ಅವಳ ಲೋಕ ಹಾಲಿನಿಂದ ಬಾಲ್ಕನಿ, ಬಾಲ್ಕನಿಯಿಂದ ಹಾಲು.

ನಿಮ್ಮ ಮನೆಯಲ್ಲೂ ಹೀಗೇ ಆಗಿರಬಹುದು. ಅಪ್ಪ ಅಮ್ಮನನ್ನು ಊರಿನಿಂದ ಕರೆತರುತ್ತೇವೆ, ಆರು ತಿಂಗಳಲ್ಲಿ ಅವರು ಮಂಕಾಗುತ್ತಾರೆ, ವಾಪಸು ಊರು ಎನ್ನುತ್ತಾರೆ. ಭಾಷೆ ಬರುವುದಿಲ್ಲ, ಹವೆ ಒಗ್ಗುವುದಿಲ್ಲ, ಸೊಸೆಗೂ ಅವರಿಗೂ ಆಗುವುದಿಲ್ಲ ಅಂತ ನಾವು ನೂರು ಕಾರಣ ಹುಡುಕುತ್ತೇವೆ. ನಾನು ಹೇಳುವುದು, ಅರ್ಧ ಕಾರಣ ರಸ್ತೆಯಲ್ಲಿದೆ. ಮೊಣಕಾಲು ನೋವಿನವರಿಗೆ ದೂರ ಅಂದರೆ ಕಿಲೋಮೀಟರ್ ಅಲ್ಲ, ಒಂದು ಕೂರುವ ಜಾಗದಿಂದ ಇನ್ನೊಂದು ಕೂರುವ ಜಾಗಕ್ಕೆ ಇರುವ ಅಂತರ. ಇನ್ನೂರು ಹೆಜ್ಜೆಗೊಂದು ಕಲ್ಲು ಇದ್ದರೆ ಅಮ್ಮ ಚಾಪೇಕರ್ ಚೌಕದವರೆಗೂ ನಡೆದಾಳು. ಕಲ್ಲಿಲ್ಲದಿದ್ದರೆ ಗೇಟೇ ದಾಟಲಾರಳು.

ಬೆಂಚುಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಉದ್ಯಾನಗಳಲ್ಲಿ ಬೇಕಾದಷ್ಟಿವೆ, ಆದರೆ ಉದ್ಯಾನಕ್ಕೆ ಹೊತ್ತು ಇದೆ, ಬೀಗ ಇದೆ. ದಣಿವಿಗೆ ಹೊತ್ತು ಇರುತ್ತದೆಯೇ? ಬಸ್ ಸ್ಟಾಪುಗಳಲ್ಲಿ ಮೂರು ಸ್ಟೀಲ್ ಪೈಪುಗಳನ್ನು ಇಳಿಜಾರಾಗಿ ಜೋಡಿಸಿರುತ್ತಾರೆ, ಅದರ ಮೇಲೆ ಕೂರಲು ಆಗುವುದಿಲ್ಲ, ಜಾರದಂತೆ ಕಾಲೂರಿ ಒರಗಿಕೊಳ್ಳಬಹುದು ಅಷ್ಟೆ. ಭಿಕ್ಷುಕರು ಮಲಗಬಾರದು ಅಂತ ಮಾಡಿದ ವ್ಯವಸ್ಥೆಯಂತೆ. ಭಿಕ್ಷುಕರು ಕೆಳಗೆ ನೆಲದಲ್ಲಿ ಮಲಗುತ್ತಾರೆ, ಮುದುಕರು ನಿಂತಿರುತ್ತಾರೆ. ಇನ್ನು ಅಲ್ಲಲ್ಲಿ ಕಾಣುವ ಸಿಮೆಂಟಿನ, ಸ್ಟೀಲಿನ ಬೆಂಚುಗಳ ಬೆನ್ನಿಗೆ ನಗರಸೇವಕರ ಹೆಸರು ದಪ್ಪ ಅಕ್ಷರಗಳಲ್ಲಿ ಇರುತ್ತದೆ, ಇಂಥವರ ನಿಧಿಯಿಂದ ಅಂತ. ನಿಧಿ ಯಾರದು? ನೀವು ನಾನು ಕಟ್ಟಿದ ಮನೆ ತೆರಿಗೆ! ಎಷ್ಟೋ ಬೆಂಚುಗಳು ಕಾರ್ಯಕರ್ತರ ಅಂಗಡಿ ಮುಂದೆ, ಕಟ್ಟಡದ ಒಳಗೆ ಸೇರಿಕೊಂಡಿರುತ್ತವೆ. ಅಶೋಕ ಚಕ್ರವರ್ತಿ ತನ್ನ ಏಳನೇ ಸ್ತಂಭಶಾಸನದಲ್ಲಿ ದಾರಿಗೆ ಆಲ ನೆಡಿಸಿದ್ದು, ಮಾವಿನ ತೋಪು, ಬಾವಿ, ತಂಗುದಾಣ, ಅರವಟ್ಟಿಗೆ ಮಾಡಿಸಿದ್ದು ಎಲ್ಲ ಹೇಳಿಕೊಂಡು, ಇದೇನು ದೊಡ್ಡದಲ್ಲ, ಹಿಂದಿನ ಅರಸರೂ ಮಾಡಿದ್ದಾರೆ ಎನ್ನುತ್ತಾನೆ. ಹೇಳಿಕೊಂಡನಲ್ಲ ಅಂದರೆ ಹೇಳಿಕೊಂಡ, ಸರಿ. ಆದರೂ ಚಕ್ರವರ್ತಿಗೆ ಇದ್ದ ಸಂಕೋಚ ವಾರ್ಡಿನವರಿಗೆ ಇರಬಾರದೇ?

ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಫುಟ್‌ಪಾತನ್ನು ಅಗಲ ಮಾಡಿ ಕೂರಲು ಜಾಗ ಬಿಟ್ಟಿದ್ದಾರೆ. ಸಂಜೆ ಹೋಗಿ ನೋಡಿ, ಎಷ್ಟು ಜನ ಕೂತಿರುತ್ತಾರೆ! ಮಾಡಬಾರದ್ದೇನೂ ಅಲ್ಲ, ಆಗದ್ದೂ ಅಲ್ಲ.

ಇನ್ನು ಈ ಊರಿನ ಜನಕ್ಕೆ ಮನಸ್ಸಿಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ವರ್ಷಕ್ಕೊಮ್ಮೆ ತುಕಾರಾಮ ಮಹಾರಾಜರ ಪಾಲಖಿ ಬರುತ್ತದಲ್ಲ, ಆ ದಿನ ನೋಡಬೇಕು. ಜ್ಯೇಷ್ಠ ಬಹುಳ ಸಪ್ತಮಿಗೆ ದೇಹೂವಿನಲ್ಲಿ ಹೊರಟು, ಮರುದಿನ ಅನಗಡಶಾಹ ಬಾಬಾ ದರ್ಗಾದ ಹತ್ತಿರ ನಿಂತು, ಚಿಂಚೋಲಿಯ ಪಾದುಕೆಗಳ ಗುಡಿಯಲ್ಲಿ ನಿಂತು, ನಿಗಡಿ ದಾಟಿ ಆಕುರ್ಡಿಯ ವಿಠ್ಠಲ ಮಂದಿರದಲ್ಲಿ ರಾತ್ರಿ ತಂಗುತ್ತದೆ. ನಮ್ಮ ವಿಠ್ಠಲ, ಜ್ಞಾನೇಶ್ವರರೇ ಕನ್ನಡಿಗ ಎಂದು ಕರೆದ ವಿಠ್ಠಲ. ಆ ದಿನ ಇದೇ ರಸ್ತೆಯಲ್ಲಿ ಹೆಜ್ಜೆಹೆಜ್ಜೆಗೆ ಚಾಪೆ, ಕುರ್ಚಿ, ನೀರು, ಚಹಾ, ಬಾಳೆಹಣ್ಣು. ಗಂಟು ಹೊತ್ತು, ತುಳಸಿ ಹೊತ್ತು ಬಂದವರನ್ನು ಕೂರಿಸಿ ಕಾಲು ಒತ್ತುತ್ತಾರೆ. ಇನ್ನೊಂದು ದಿನ ಮೆಟ್ಟಿಲಿನಿಂದ ಎಬ್ಬಿಸುವ ಅಂಗಡಿಯವರೇ ಅಂದು ಕೈಮುಗಿದು ಬನ್ನಿ ಮಾವುಲಿ, ಕೂತುಕೊಳ್ಳಿ ಎನ್ನುತ್ತಾರೆ. ಎರಡು ದಿನ ಕಳೆದ ಮೇಲೆ ಕುರ್ಚಿ ಒಳಗೆ ಹೋಗುತ್ತದೆ, ಕಾವಲುಗಾರ ಹೊರಗೆ ಬರುತ್ತಾನೆ. ದಾರಿಹೋಕನಲ್ಲಿ ದೇವರನ್ನು ಕಾಣಲು ನಮಗೆ ತಿಥಿ ಬೇಕು.

ಇದೇ ವಿಷಯ ನಮ್ಮ ಸೊಸೈಟಿಯ ಸಭೆಯಲ್ಲಿ ಎತ್ತಿದೆ. ನನ್ನ ಪ್ರಸ್ತಾಪ ಸರಳ. ಗೇಟಿನ ಪಕ್ಕ ಕಾಂಪೌಂಡ್ ಗೋಡೆಯನ್ನು ಎಂಟು ಅಡಿ ಉದ್ದಕ್ಕೆ ಎರಡು ಅಡಿ ಒಳಗೆ ಸರಿಸುವುದು, ಆ ಗೂಡಿನಲ್ಲಿ ರಸ್ತೆಗೆ ಮುಖ ಮಾಡಿ ಒಂದು ಕಲ್ಲಿನ ಚಪ್ಪಡಿ ಹಾಕುವುದು. ಫುಟ್‌ಪಾತ್ ಒತ್ತುವರಿಯ ತಕರಾರಿಲ್ಲ, ಜಾಗ ನಮ್ಮದು. ಒಳಗಿನ ಬೇವಿನ ಮರದ ನೆರಳು ಹೇಗೂ ಹೊರಗೆ ಬೀಳುತ್ತದೆ. ಗೋಡೆ, ಕಲ್ಲು, ಕೂಲಿ ಸೇರಿ 38,000 ರೂಪಾಯಿ ಅಂದಾಜು. 64 ಮನೆಗಳು, ಮನೆಗೆ ಆರುನೂರಕ್ಕೂ ಕಡಿಮೆ. ಗಣಪತಿಯ ಲೈಟಿಂಗಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ.

ಒಬ್ಬರು ಎದ್ದು ನಿಂತು, "ಸಾಹೇಬ್, ಯಾರ್ಯಾರೋ ಬಂದು ಕೂರುತ್ತಾರೆ" ಅಂದರು. ಹತ್ತು ತಲೆಗಳು ಹೌದು ಹೌದು ಎಂದು ಅಲ್ಲಾಡಿದವು.

ಯಾರ್ಯಾರೋ ಕೂರಲಿ ಅಂತಲೇ ಅಲ್ಲವೇ ಹಾಕುವುದು? ಗೊತ್ತಿರುವವರು ಬಂದರೆ ಮನೆಯೊಳಗೆ ಸೋಫಾ ಇದೆ, ಚಹಾ ಇದೆ. ಕಲ್ಲು ಬೇಕಾಗಿರುವುದು ಗೊತ್ತಿಲ್ಲದವರಿಗೆ. ಹೊರೆ ಇಳಿಸುವ ಕಲ್ಲು ನೆಟ್ಟವರು ಮುಂದೆ ಯಾರು ಬರುತ್ತಾರೆ ಎಂದು ಪಟ್ಟಿ ಮಾಡಿರಲಿಲ್ಲ. ಇಷ್ಟಕ್ಕೂ ಈ ಸಭೆಯಲ್ಲಿ ಕೂತಿದ್ದ ನಾವೆಲ್ಲ ಯಾರು? ಒಬ್ಬರು ಬೀದರಿನವರು, ಇಬ್ಬರು ಕೇರಳದವರು, ಒಬ್ಬರು ಬಿಹಾರಿ, ಉಳಿದವರಲ್ಲಿ ಅರ್ಧ ಜನ ಸೋಲಾಪುರ, ಲಾತೂರಿನಿಂದ ಬಂದವರು. ಈ ಊರಿನ ಲೆಕ್ಕದಲ್ಲಿ ನಾವೆಲ್ಲ ಯಾರ್ಯಾರೋ. ಕಾರ್ಖಾನೆ ಕೆಲಸ, ಬ್ಯಾಂಕಿನ ವರ್ಗಾವಣೆ ಅಂತ ಬಂದು ಕೂತವರು, ಕೂರಲು ಜಾಗ ಕೊಟ್ಟರು, ಏಳಲಿಲ್ಲ.

ಕುಡುಕರು ಬರುತ್ತಾರೆ, ಪೋಲಿ ಹುಡುಗರು ಬರುತ್ತಾರೆ ಎಂಬ ಆಕ್ಷೇಪ ಸುಳ್ಳಲ್ಲ, ಬಂದಾರು. ಈಗಲೂ ಆ ಗೋಡೆಗೆ ಒರಗಿ ನಿಂತೇ ಇದ್ದಾರೆ, ಗೋಡೆ ಒಡೆಯೋಣ ಎಂದು ಯಾರೂ ಹೇಳಲಿಲ್ಲ. ಹಗಲು ಹೊತ್ತು ನಾಲ್ಕು ಅಜ್ಜಿಯರು ಕೂರುವ ಜಾಗದಲ್ಲಿ ಯಾವ ಪೋಲಿಯೂ ಹೆಚ್ಚು ಹೊತ್ತು ನಿಲ್ಲಲಾರ, ಇದು ನಮ್ಮೂರ ಅಶ್ವತ್ಥಕಟ್ಟೆಯ ಅನುಭವ. ಕೊನೆಗೆ ಸೆಕ್ರೆಟರಿ ಸಾಹೇಬರು ನಡುದಾರಿ ಹುಡುಕಿದರು, ಬೆಂಚು ಗೇಟಿನ ಒಳಗೆ ಹಾಕೋಣ, ಸದಸ್ಯರಿಗೆ ಮಾತ್ರ ಅಂತ. ಗೇಟಿನ ಒಳಗಿಂದ ನಮ್ಮ ಮನೆಗೆ ಲಿಫ್ಟ್ ಇದೆ ಮಾರಾಯರೇ, ಅಲ್ಲಿ ಕೂತು ಏನು ಮಾಡುವುದು?

ಆ ಗೋಡೆಯ ಪಕ್ಕ ಮಧ್ಯಾಹ್ನ ಇನ್ನೊಂದು ದೃಶ್ಯ ಕಾಣುತ್ತದೆ. ಬೆನ್ನಿಗೆ ಡಬ್ಬದಂಥ ಚೀಲ ಹೊತ್ತ ಡೆಲಿವರಿ ಹುಡುಗರು ಬೇವಿನ ನೆರಳಿಗೆ ಬೈಕ್ ನಿಲ್ಲಿಸಿ, ಬೈಕಿನ ಮೇಲೇ ಮುದುಡಿ ಕಣ್ಣುಮುಚ್ಚುತ್ತಾರೆ. ಚೀಲ ಬೆನ್ನಿನಲ್ಲೇ ಇರುತ್ತದೆ. ತಲೆಹೊರೆಯ ಕಾಲ ಮುಗಿಯಿತು, ಇನ್ನು ಆ ಕಲ್ಲು ಯಾಕೆ ಎನ್ನುವವರಿಗೆ ಇವರನ್ನು ತೋರಿಸುತ್ತೇನೆ. ಚೆನ್ನೈ ಪಾಲಿಕೆ 2025ರಲ್ಲಿ ಅಣ್ಣಾ ನಗರದಲ್ಲಿ ಇಂಥ ಹುಡುಗರಿಗಾಗಿಯೇ ಎ.ಸಿ. ಇರುವ ವಿಶ್ರಾಂತಿ ಕೋಣೆ ತೆರೆಯಿತು. ಸುಮೈತಾಂಗಿಯ ನಾಡಿಗೆ ಹಳೆಯ ಬುದ್ಧಿ ಮರೆತಿಲ್ಲ. ಕಲ್ಲಿಕೋಟೆಯಲ್ಲಿ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ಟು ಸಂಘಟನೆ, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳಿಗೆ ಕೆಲಸದ ನಡುವೆ ಕೂರಲು ಬಿಡಿ ಎಂದು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೇರಳದ ಕಾನೂನನ್ನೇ ತಿದ್ದಿಸಿದರು. 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರುವುದಕ್ಕೆ ಕಾನೂನು ಬೇಕಾಯಿತಲ್ಲ ಎಂದು ಬೇಸರಪಡಬೇಕೋ, ಬಂತಲ್ಲ ಎಂದು ಸಂತೋಷಪಡಬೇಕೋ ನನಗಂತೂ ತಿಳಿಯುವುದಿಲ್ಲ.

ಸೊಸೈಟಿಯ ಮುಂದಿನ ಸಭೆ ಇದೇ ತಿಂಗಳ ಕೊನೆಯ ಭಾನುವಾರ. ನನ್ನ ಪ್ರಸ್ತಾಪವನ್ನು ಅಂದಾಜುಪಟ್ಟಿ, ನಕ್ಷೆ ಸಮೇತ ಮತ್ತೆ ಬರೆದು ಕೊಟ್ಟಿದ್ದೇನೆ, ಒಂಬತ್ತು ಮನೆಯವರ ಸಹಿ ಸಿಕ್ಕಿದೆ. ಎದುರು ಮನೆಯ ಲಾತೂರಿನ ಅಜ್ಜಿ ಸೊಸೆಗೆ ಹೇಳದೆ ತಾವೇ ಬಂದು ಸಹಿ ಹಾಕಿದರು. ಅಜೆಂಡಾದಲ್ಲಿ ಏಳನೆಯ ವಿಷಯ, ಪಾರ್ಕಿಂಗ್ ಆದ ಮೇಲೆ. ಪಾರ್ಕಿಂಗ್ ದಾಟಿ ಮುಂದೆ ಹೋದ ಸಭೆಯನ್ನು ನಾನು ಈ ಸೊಸೈಟಿಯಲ್ಲಿ ಇನ್ನೂ ನೋಡಿಲ್ಲ. ಅದಕ್ಕೇ ಈ ಸಲ ಏಳನೆಯದನ್ನು ಮೊದಲು ತೆಗೆದುಕೊಳ್ಳಬೇಕೆಂದು ಇನ್ನೊಂದು ಅರ್ಜಿ ಕೊಟ್ಟಿದ್ದೇನೆ.